ನಿಮಗಿದು ಗೊತ್ತೇ? ಚೆಂಡು ಎಸೆದು ಹೋದವರು

1955ರಲ್ಲಿ ನಾಲ್ಕೇ ತಿಂಗಳ ಅಂತರದಲ್ಲಿ ಇಬ್ಬರು ಹಿರಿಯರು ತೀರಿಕೊಂಡರು. ಜುಲೈ 4ರಂದು ಮುಂಬಯಿಯಲ್ಲಿ ಪಾಲವಣಕರ ಬಾಳೂ, ನವೆಂಬರ್ 4ರಂದು ಅಮೆರಿಕದ ಒಹಾಯೊದಲ್ಲಿ ಸೈ ಯಂಗ್. ಒಬ್ಬರದು ಕ್ರಿಕೆಟ್, ಇನ್ನೊಬ್ಬರದು ಬೇಸ್‌ಬಾಲ್. ಕೆಲಸ ಮಾತ್ರ ಇಬ್ಬರದೂ ಒಂದೇ: ಬ್ಯಾಟು ಹಿಡಿದು ನಿಂತವನಿಗೆ ಚೆಂಡು ಎಸೆಯುವುದು, ಅವನನ್ನು ಮನೆಗೆ ಕಳಿಸುವುದು. 511 ಪಂದ್ಯ ಗೆದ್ದಿದ್ದ ಸೈ ಯಂಗ್ ಹೆಸರಿನಲ್ಲಿ ಮರುವರ್ಷವೇ, ಅಂದರೆ 1956ರಲ್ಲಿ, ಅತ್ಯುತ್ತಮ ಪಿಚರ್‌ ಪ್ರಶಸ್ತಿ ಶುರುವಾಯಿತು. ಈಗಲೂ ವರ್ಷ ತಪ್ಪದೆ ಕೊಡುತ್ತಾರೆ. ಬಾಳೂ ಹೆಸರಿನಲ್ಲಿ ಬಿಸಿಸಿಐನ ಒಂದು ಟ್ರೋಫಿಯೂ ಇಲ್ಲ.

ಬಾಳೂ ಹುಟ್ಟಿದ್ದು ಎಲ್ಲಿ, ಗೊತ್ತೇ? ಧಾರವಾಡದಲ್ಲಿ, 1876ರ ಮಾರ್ಚ್ 19ರಂದು. ಕೊಪ್ಪಳದಲ್ಲಿ ರೈಲು ಹತ್ತಿದರೆ ಗದಗ, ಹುಬ್ಬಳ್ಳಿ ದಾಟಿ ಸಿಗುವ ಅದೇ ಧಾರವಾಡ. ಮನೆತನದ ಮೂಲ ಮಾತ್ರ ಕೊಂಕಣದ ಪಾಲವಣ, ಅಡ್ಡಹೆಸರು ಬಂದದ್ದು ಆ ಊರಿನಿಂದ.

ಬೇಸ್‌ಬಾಲ್ ನೋಡದವರಿಗೆ ಎರಡೇ ಮಾತು. ಪಿಚರ್ ಅಂದರೆ ಅಲ್ಲಿನ ಬೌಲರ್. ಓಡಿ ಬರುವುದಿಲ್ಲ, ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು ಎಸೆಯುತ್ತಾನೆ, ಚೆಂಡು ನೆಲಕ್ಕೆ ಬಡಿಯದೆ ನೇರ ಹೋಗುತ್ತದೆ. ಮಗ್ಗಕ್ಕೂ ಕೂದಲಿನ ವ್ಯಾಪಾರಕ್ಕೂ ಹೆಸರಾದ ನಮ್ಮ ಭಾಗ್ಯನಗರದಲ್ಲಿ ಆ ಆಟ ಆಡುವವರನ್ನು ನಾನಂತೂ ಕಂಡಿಲ್ಲ. ಅದಕ್ಕೇ ಇಲ್ಲಿ ಬೌಲರ್‌ಗಳದ್ದೇ ಹೆಚ್ಚು ಮಾತು, ಪಿಚರ್‌ಗಳು ನಡುನಡುವೆ ಬಂದು ಹೋಗುತ್ತಾರೆ.

ಬಾಳೂಗೆ ಕ್ರಿಕೆಟ್ ಮೈದಾನದಲ್ಲಿ ಸಿಕ್ಕ ಮೊದಲ ಕೆಲಸ ಆಟವಲ್ಲ, ಕಸ ಗುಡಿಸುವುದು ಮತ್ತು ರೋಲರ್ ಎಳೆಯುವುದು. ಪುಣೆಯ ಪಾರ್ಸಿ ಕ್ಲಬ್ಬಿನಲ್ಲಿ ತಿಂಗಳಿಗೆ ಮೂರು ರೂಪಾಯಿ. ಆಮೇಲೆ ಬಿಳಿಯರ ಕ್ಲಬ್ಬಿಗೆ ಹೋದಾಗ ನಾಲ್ಕು ರೂಪಾಯಿ. ಅಲ್ಲಿ ಒಬ್ಬ ಸಾಹೇಬರ ಕಣ್ಣಿಗೆ ಬಿದ್ದು ನೆಟ್ಸ್‌ನಲ್ಲಿ ಎಡಗೈ ಸ್ಪಿನ್ ಹಾಕತೊಡಗಿದರು. ಆ ಕಾಲದ ದೊಡ್ಡ ಬ್ಯಾಟ್ಸ್‌ಮನ್ ಕ್ಯಾಪ್ಟನ್ ಗ್ರೇಗ್, ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಳೂಗೆ ಎಂಟಾಣೆ ಕೊಡುತ್ತಿದ್ದರೆಂಬ ಕತೆಯಿದೆ. ಎಂಟಾಣೆಯ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಪಕ್ಕದಲ್ಲಿರುವ ಇನ್ನೊಂದು ಸಂಗತಿ ನನಗೆ ಹೆಚ್ಚು ಕಾಡುತ್ತದೆ: ಗಂಟೆಗಟ್ಟಲೆ, ವರ್ಷಗಟ್ಟಲೆ ಸಾಹೇಬರಿಗೆ ಬೌಲಿಂಗ್ ಮಾಡಿದ ಹುಡುಗನ ಕೈಗೆ ಅವರು ಒಮ್ಮೆಯೂ ಬ್ಯಾಟು ಕೊಡಲಿಲ್ಲ. ಬ್ಯಾಟಿಂಗ್ ದೊರೆಗಳದು, ಬೌಲಿಂಗ್ ಆಳಿನದು.

ಚಮ್ಮಾರ ಸಮುದಾಯದ ಬಾಳೂ ಅವರನ್ನು ಪುಣೆಯ ಹಿಂದೂ ತಂಡಕ್ಕೆ ಸೇರಿಸಿಕೊಳ್ಳಬೇಕೋ ಬೇಡವೋ ಎಂದು ದೊಡ್ಡ ಜಗಳವೇ ನಡೆಯಿತು. ಕೊನೆಗೆ ಸೇರಿಸಿಕೊಂಡರು, ಯಾಕೆಂದರೆ ಬಿಳಿಯರನ್ನು ಸೋಲಿಸಬೇಕಿತ್ತು. ಮೈದಾನದಲ್ಲಿ ಬಾಳೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ವಿರಾಮ ಬಂದರೆ ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಬಟ್ಟಲು, ಬಾಳೂಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಚೆಂಡಿಗೆ ಇಲ್ಲದ ಮಡಿ ಚಹಾಕ್ಕೆ ಎಲ್ಲಿಂದ ಬಂತೋ!

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಮೊದಲ ಬಾರಿ ಇಂಗ್ಲೆಂಡಿಗೆ ಹೋಯಿತು. 23 ಪಂದ್ಯ ಆಡಿ 15ರಲ್ಲಿ ಸೋತಿತು. ಸೋತ ತಂಡದ 35ರ ಬೌಲರ್ ಗಳಿಸಿದ್ದು 114 ವಿಕೆಟ್, ಸರಾಸರಿ 18.84. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 103 ರನ್‌ಗೆ 8 ವಿಕೆಟ್. ತಮ್ಮ ಶಿವರಾಮನೂ ಅದೇ ತಂಡದಲ್ಲಿದ್ದ. ಇಡೀ ಬಾಳ್ವೆಯಲ್ಲಿ ಬಾಳೂ ಆಡಿದ್ದು 33 ಪ್ರಥಮ ದರ್ಜೆ ಪಂದ್ಯ, ಪಡೆದದ್ದು 179 ವಿಕೆಟ್. ಸರಾಸರಿ 15.21.

ಹಾಗಾದರೆ ನಾಯಕನ ಪಟ್ಟ? ಹಿಂದೂ ತಂಡ ಬಾಳೂ ಅವರನ್ನು ಉಪನಾಯಕನವರೆಗೆ ತಂದು ನಿಲ್ಲಿಸಿತು. ನಾಯಕತ್ವ ಬಂದದ್ದು ತಮ್ಮ ವಿಠ್ಠಲನಿಗೆ, 1923ರಲ್ಲಿ. ಆ ವರ್ಷ ಹಿಂದೂ ತಂಡ ಕೋಮುವಾರು ತಂಡಗಳ ಕಪ್ ಗೆದ್ದಿತು. ವಿಠ್ಠಲ ಬ್ಯಾಟ್ಸ್‌ಮನ್ ಎಂಬುದನ್ನೂ ಗಮನಿಸಿ.

ಇಂಗ್ಲೆಂಡಿನಿಂದ ಮರಳಿದ ಬಾಳೂ ಅವರಿಗೆ ಮುಂಬಯಿಯಲ್ಲಿ ನಡೆದ ಸನ್ಮಾನದ ಹಿಂದೆ ಇದ್ದ ಯುವಕರಲ್ಲಿ ಒಬ್ಬರು ಭೀಮರಾವ್ ಅಂಬೇಡ್ಕರ್. ಮುಂದೆ 1937ರ ಮುಂಬಯಿ ಪ್ರಾಂತ್ಯದ ಚುನಾವಣೆಯಲ್ಲಿ ಅದೇ ಅಂಬೇಡ್ಕರ್ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಬಾಳೂ ಅವರನ್ನೇ. ಅಂಬೇಡ್ಕರ್‌ಗೆ 13,245 ಮತ, ಬಾಳೂಗೆ 11,225. ಅದಕ್ಕೂ ಮೊದಲು, 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿಯೂ ಬಾಳೂ ಇದ್ದರು. ನಮ್ಮ ಶಾಲೆಯ ಇತಿಹಾಸದ ಪಾಠದಲ್ಲಿ ಪುಣೆ ಒಪ್ಪಂದ ಇತ್ತು, ಅದರಲ್ಲೊಬ್ಬ ಧಾರವಾಡದಲ್ಲಿ ಹುಟ್ಟಿದ ಸ್ಪಿನ್ನರ್ ಇದ್ದ ಎಂದು ಯಾವ ಮಾಸ್ತರರೂ ಹೇಳಲಿಲ್ಲ. ಹೇಳಿದ್ದರೆ ಹಿಂದಿನ ಬೆಂಚಿನವರೂ ಕಿವಿ ನೆಟ್ಟಗೆ ಮಾಡಿಕೊಂಡು ಕೂಡುತ್ತಿದ್ದರು. ಮರೆತುಹೋಗಿದ್ದ ಈ ಮನುಷ್ಯನನ್ನು ಮತ್ತೆ ಓದುಗರ ಮುಂದೆ ತಂದು ನಿಲ್ಲಿಸಿದ್ದು ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ, 2002ರ ತಮ್ಮ ಕ್ರಿಕೆಟ್ ಚರಿತ್ರೆಯ ಪುಸ್ತಕದಲ್ಲಿ. ಬಾಳೂ ತೀರಿಕೊಂಡು ಅಷ್ಟೊತ್ತಿಗೆ 47 ವರ್ಷ ಆಗಿತ್ತು.

ಬಾಳೂಗೆ ಬೇಸ್‌ಬಾಲಿನಲ್ಲಿ ಒಬ್ಬ ಜೋಡಿಯಿದ್ದಾನೆ, ಹೆಸರು ಸ್ಯಾಚಲ್ ಪೇಜ್. ಕಪ್ಪು ಬಣ್ಣದವನೆಂದು ಹೊರಗಿಟ್ಟಿದ್ದ ಅಮೆರಿಕದ ದೊಡ್ಡ ಲೀಗ್ ಅವನನ್ನು ಒಳಗೆ ಬಿಟ್ಟದ್ದು 1948ರಲ್ಲಿ, ಅವನಿಗೆ 42 ತುಂಬಿದ ಮೇಲೆ. ಆ ವಯಸ್ಸಿಗೆ ಉಳಿದವರು ಕೈ ಕಟ್ಟಿಕೊಂಡು ಕೂತಿರುತ್ತಾರೆ. ಪೇಜ್ ಆ ಲೀಗ್‌ನಲ್ಲಿ ಕೊನೆಯ ಪಂದ್ಯ ಆಡಿದ್ದು 1965ರಲ್ಲಿ, 59ರ ಪ್ರಾಯದಲ್ಲಿ. ಮೂರು ಇನಿಂಗ್ಸ್ ಎಸೆದ, ಎದುರಾಳಿಗೆ ಒಂದು ರನ್ನೂ ಕೊಡಲಿಲ್ಲ. 1982ರಲ್ಲಿ ತೀರಿಕೊಂಡ. ಕಪ್ಪು ಆಟಗಾರರ ಹಳೆಯ ಲೀಗ್‌ಗಳ ಅಂಕಿಸಂಖ್ಯೆ ಅಲ್ಲಿನ ಅಧಿಕೃತ ದಾಖಲೆಗೆ ಸೇರಿದ್ದು 2024ರ ಮೇ ತಿಂಗಳಿನಲ್ಲಿ. ಸತ್ತು 42 ವರ್ಷದ ಮೇಲೆ ಪೇಜ್ ಲೆಕ್ಕಕ್ಕೆ ಇನ್ನಷ್ಟು ಗೆಲುವು ಜಮೆಯಾಯಿತು!

ಈಗ ನಮ್ಮ ಟ್ರೋಫಿಗಳ ಹೆಸರು ಒಂದೊಂದಾಗಿ ಹೇಳಿ ನೋಡಿ. ರಣಜಿ, ದುಲೀಪ್, ದೇವಧರ್, ವಿಜಯ್ ಹಜಾರೆ, ಸೈಯದ್ ಮುಷ್ತಾಕ್ ಅಲಿ, ಸಿ.ಕೆ. ನಾಯ್ಡು, ವಿಜಯ್ ಮರ್ಚಂಟ್. ಎಲ್ಲರೂ ಬ್ಯಾಟಿನಿಂದ ಹೆಸರು ಮಾಡಿದವರು. ಇರಾನಿ ಆಡಳಿತಗಾರ, ಕೂಚ್ ಬಿಹಾರ್ ಮಹಾರಾಜರ ಸಂಸ್ಥಾನ. ಉಳಿದದ್ದು ವಿನೂ ಮಂಕಡ್ ಒಬ್ಬರು. ಎಡಗೈ ಸ್ಪಿನ್ನರ್ ನಿಜ, ಆದರೆ ಅವರೂ ಬರಿ ಬೌಲರ್ ಅಲ್ಲ, ಆರಂಭಿಕ ಬ್ಯಾಟ್ಸ್‌ಮನ್ ಆಗಿ ದ್ವಿಶತಕ ಹೊಡೆದವರು. ಮುಷ್ತಾಕ್ ಅಲಿ ಭಾರತ ತಂಡಕ್ಕೆ ಮೊದಲು ಬಂದದ್ದು ಎಡಗೈ ಸ್ಪಿನ್ನರ್ ಆಗಿ, 1934ರಲ್ಲಿ. ಹಾಗೇ ಉಳಿದಿದ್ದರೆ ಟ್ರೋಫಿ ಸಿಗುತ್ತಿತ್ತೋ ಇಲ್ಲವೋ, ಅನುಮಾನ.

ಅಂಚೆ ಇಲಾಖೆಯದೂ ಅದೇ ಕತೆ. 1996ರಲ್ಲಿ ನಾಲ್ವರು ಕ್ರಿಕೆಟಿಗರ ಅಂಚೆಚೀಟಿ ಬಂತು: ನಾಯ್ಡು, ಮರ್ಚಂಟ್, ದೇವಧರ್, ಮಂಕಡ್.

ರಣಜಿಯಲ್ಲಿ ಅತಿ ಹೆಚ್ಚು ವಿಕೆಟ್ ಯಾರದು? ಹರಿಯಾಣದ ರಾಜಿಂದರ್ ಗೋಯಲ್ ಅವರದು, 637. ಭಾರತಕ್ಕೆ ಒಂದು ಟೆಸ್ಟನ್ನೂ ಆಡಲಿಲ್ಲ. ಮುಂಬಯಿಯ ಪದ್ಮಾಕರ್ ಶಿವಾಲ್ಕರ್ ಪಡೆದದ್ದು 589 ಪ್ರಥಮ ದರ್ಜೆ ವಿಕೆಟ್. ಅವರೂ ಟೆಸ್ಟ್ ಆಡಲಿಲ್ಲ. ಇಬ್ಬರೂ ಎಡಗೈ ಸ್ಪಿನ್ನರ್, ಇಬ್ಬರ ದಾರಿಗೂ ಅಡ್ಡ ನಿಂತದ್ದು ಬಿಷನ್ ಸಿಂಗ್ ಬೇಡಿ ಎಂಬ ಮೂರನೇ ಎಡಗೈ ಸ್ಪಿನ್ನರ್. ಸುನಿಲ್ ಗವಾಸ್ಕರ್ ತಮ್ಮ ಆರಾಧ್ಯರ ಬಗ್ಗೆ ಬರೆದ ಪುಸ್ತಕದಲ್ಲಿ ಇವರಿಬ್ಬರಿಗೂ ಜಾಗ ಕೊಟ್ಟಿದ್ದಾರೆ. 2017ರಲ್ಲಿ ಬಿಸಿಸಿಐ ಇಬ್ಬರಿಗೂ ಜೀವಮಾನದ ಸಾಧನೆಯ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಯ ಹೆಸರು? ಸಿ.ಕೆ. ನಾಯ್ಡು! ಗೋಯಲ್ 2020ರ ಜೂನ್ 21ರಂದು ಹೋದರು, ಶಿವಾಲ್ಕರ್ 2025ರ ಮಾರ್ಚ್ 3ರಂದು. ಮರುದಿನ ದುಬೈನಲ್ಲಿ ಆಸ್ಟ್ರೇಲಿಯ ವಿರುದ್ಧ ಚಾಂಪಿಯನ್ಸ್ ಟ್ರೋಫಿ ಸೆಮಿಫೈನಲ್ ಆಡಿದ ಭಾರತ ತಂಡ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಇಳಿಯಿತು. ಬದುಕಿರುವಾಗ ಭಾರತ ತಂಡದ ಅಂಗಿ ಸಿಗದವರಿಗೆ ಆ ಅಂಗಿಯ ತೋಳಿನ ಮೇಲೆ ಒಂದು ಪಟ್ಟಿ ಸಿಕ್ಕಿತು.

1956ರ ನವೆಂಬರ್ 1ರವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಲೆಕ್ಕದಲ್ಲಿ ನಮ್ಮ ಅಜ್ಜಂದಿರ ರಾಜ್ಯದ ದೊಡ್ಡ ಬೌಲರ್ ಗುಲಾಂ ಅಹ್ಮದ್. ಆಫ್‌ಸ್ಪಿನ್ನರ್, 22 ಟೆಸ್ಟ್, 68 ವಿಕೆಟ್, ಭಾರತದ ನಾಯಕರೂ ಹೌದು. 1950-51ರ ರಣಜಿಯಲ್ಲಿ ಹೋಳ್ಕರ್ ತಂಡದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ ಇವರು ಹಾಕಿದ್ದು 92.3 ಓವರ್. ಅಂದರೆ 555 ಚೆಂಡು, 245 ರನ್, 4 ವಿಕೆಟ್! ಇಂದಿನ ಐಪಿಎಲ್ ಬೌಲರ್ ಇಡೀ ಲೀಗ್ ಹಂತದ 14 ಪಂದ್ಯದಲ್ಲೂ ನಾಲ್ಕು ನಾಲ್ಕು ಓವರ್ ಹಾಕಿದರೂ 56 ಓವರ್ ದಾಟುವುದಿಲ್ಲ. ಗುಲಾಂ ಅಹ್ಮದ್ ತೀರಿಕೊಂಡದ್ದು 1998ರ ಅಕ್ಟೋಬರ್ 28ರಂದು. ಇವರ ಸೋದರಳಿಯ ಆಸಿಫ್ ಇಕ್ಬಾಲ್ ಮುಂದೆ ಪಾಕಿಸ್ತಾನದ ನಾಯಕ.

ಸತ್ತವರಿಗೆ ಕಲ್ಲು ನಿಲ್ಲಿಸುವುದರಲ್ಲಿ ನಮ್ಮ ಸೀಮೆಯವರು ಹಿಂದೆ ಬಿದ್ದವರಲ್ಲ ಬಿಡಿ. ಗಂಗಾವತಿ ಕಡೆಯ ಹಿರೇಬೆಣಕಲ್ಲಿನ ಮೊರೇರ ಬೆಟ್ಟದಲ್ಲಿ ಕಬ್ಬಿಣ ಯುಗದ ಜನ ಕಟ್ಟಿದ ನೂರಾರು ಕಲ್ಮನೆಗಳಿವೆ, 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಯಾರ ನೆನಪಿಗೆ ಎಂದು ಮಾತ್ರ ಯಾವ ಕಲ್ಲಿನ ಮೇಲೂ ಬರೆದಿಲ್ಲ.

ಬೇಡಿ ವಿಷಯಕ್ಕೆ ಬರೋಣ. 2023ರ ಅಕ್ಟೋಬರ್ 23ರಂದು ದೆಹಲಿಯಲ್ಲಿ ತೀರಿಕೊಂಡಾಗ ಅವರಿಗೆ 77. ಟೆಸ್ಟ್ ವಿಕೆಟ್ 266, ಪ್ರಥಮ ದರ್ಜೆಯಲ್ಲಿ 1,560. ಇಷ್ಟು ವಿಕೆಟ್ ಬೇರೆ ಯಾವ ಭಾರತೀಯನೂ ಪಡೆದಿಲ್ಲ. 1975ರ ವಿಶ್ವಕಪ್‌ನಲ್ಲಿ ಪೂರ್ವ ಆಫ್ರಿಕ ವಿರುದ್ಧ 12 ಓವರ್ ಹಾಕಿ 8 ಮೇಡನ್, 6 ರನ್, 1 ವಿಕೆಟ್. ತಮಗೆ ಸಿಕ್ಸರ್ ಹೊಡೆದವನಿಗೆ ತಾವೇ ಚಪ್ಪಾಳೆ ತಟ್ಟುತ್ತಿದ್ದ ಸರ್ದಾರ್ಜಿ. ಕೋಟ್ಲಾ ಮೈದಾನದಲ್ಲಿ 2017ರಿಂದ ಅವರ ಹೆಸರಿನ ಸ್ಟ್ಯಾಂಡ್ ಇದೆ. ಅದನ್ನು ತೆಗೆದುಹಾಕಿ ಎಂದು 2020ರಲ್ಲಿ ಪತ್ರ ಬರೆದವರು ಬೇರೆ ಯಾರೂ ಅಲ್ಲ, ಬೇಡಿಯವರೇ. ಮೈದಾನದಲ್ಲಿ ರಾಜಕಾರಣಿಯ ಪ್ರತಿಮೆ ನಿಲ್ಲಿಸುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಬದುಕಿದ್ದಾಗಲೇ ತನ್ನ ಸ್ಮಾರಕ ಬೇಡ ಎಂದ ಬೌಲರ್ ಇನ್ನೊಬ್ಬನನ್ನು ನಾನು ಕೇಳಿಲ್ಲ.

ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್: ಈ ನಾಲ್ವರು ಸ್ಪಿನ್ನರ್‌ಗಳದೂ ಸೇರಿ 231 ಟೆಸ್ಟ್, 853 ವಿಕೆಟ್. ನಾಲ್ವರೂ ಒಟ್ಟಿಗೆ ಆಡಿದ ಟೆಸ್ಟ್ ಎಷ್ಟು? ಒಂದೇ ಒಂದು, 1967ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ.

ನಾಲ್ವರಲ್ಲಿ ಇಬ್ಬರು ಕರ್ನಾಟಕದವರು. ಹಾಗಾಗಿ ಕರ್ನಾಟಕದಲ್ಲಿ ಮೂರನೆಯ ಸ್ಪಿನ್ನರ್ ಆಗಿ ಹುಟ್ಟುವುದೂ ಕಷ್ಟವೇ. ಆ ಜಾಗದಲ್ಲಿ ನಿಂತು 80 ಪ್ರಥಮ ದರ್ಜೆ ಪಂದ್ಯದಲ್ಲಿ 194 ವಿಕೆಟ್ ಕಿತ್ತು, ಎರಡು ಸಾವಿರಕ್ಕೂ ಹೆಚ್ಚು ರನ್ ಹೊಡೆದ ಬಿ. ವಿಜಯಕೃಷ್ಣ 2021ರ ಜೂನ್ 17ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

1996ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯ ವಿರುದ್ಧ ಆಡಿದ ಭಾರತದ ಹನ್ನೊಂದರಲ್ಲಿ ಐವರು ಕನ್ನಡಿಗರು: ದ್ರಾವಿಡ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ಗದುಗಿನ ಸುನಿಲ್ ಜೋಶಿ, ಮತ್ತು ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್. ಬಿರುಸಿನ ವೇಗಿ ಜಾನ್ಸನ್‌ಗೆ ಅದು ಮೊದಲ ಟೆಸ್ಟ್. ಎರಡನೆಯದು ದಕ್ಷಿಣ ಆಫ್ರಿಕದಲ್ಲಿ, ಅದೇ ಕೊನೆಯದು. ರಾಜ್ಯಕ್ಕೆ ಮಾತ್ರ ಎದೆ ಬಿರಿಯೆ ಓಡಿ ಬಂದು ಬೌಲಿಂಗ್ ಮಾಡಿದರು, ಪ್ರಥಮ ದರ್ಜೆಯಲ್ಲಿ 125 ವಿಕೆಟ್. 2024ರ ಜೂನ್ 20ರಂದು, 52ನೇ ವಯಸ್ಸಿಗೆ ತೀರಿಕೊಂಡರು. ಅದೇ ದಿನ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಪಂದ್ಯ ಇತ್ತು, ಅಫ್ಗಾನಿಸ್ತಾನದ ಎದುರು ರೋಹಿತ್ ಶರ್ಮಾ ಬಳಗ ಕಪ್ಪುಪಟ್ಟಿ ಧರಿಸಿ ಆಡಿತು. ಟಿವಿ ಮುಂದೆ ಕೂತಿದ್ದ ಎಷ್ಟೋ ಎಳೆಯರಿಗೆ ಅವತ್ತೇ ಆ ಹೆಸರು ಮೊದಲು ಕಿವಿಗೆ ಬಿದ್ದಿರಬೇಕು.

ಅಭಿಮಾನಿಗಳ ಶ್ರದ್ಧಾಂಜಲಿ ಅಂದರೆ ಹೂವೇ ಆಗಬೇಕೆಂದಿಲ್ಲ. 2022ರ ಮಾರ್ಚ್ 4ರಂದು ಥಾಯ್ಲೆಂಡಿನಲ್ಲಿ ಆಸ್ಟ್ರೇಲಿಯದ ಸ್ಪಿನ್ನರ್ ಶೇನ್ ವಾರ್ನ್ ದಿಢೀರನೆ ತೀರಿಕೊಂಡಾಗ, ಮೆಲ್ಬರ್ನ್ ಮೈದಾನದ ಹೊರಗಿನ ಅವನ ಪ್ರತಿಮೆಯ ಬುಡದಲ್ಲಿ ಜನ ಬಿಯರ್ ಬಾಟಲಿ, ಸಿಗರೇಟು, ಮಾಂಸದ ಪೈ, ಬೇಯಿಸಿದ ಬೀನ್ಸ್ ಡಬ್ಬಿ ತಂದಿಟ್ಟರು. ಅವನಿಗೆ ಇಷ್ಟವಾದದ್ದೇ ಎಡೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಅವರ ಇಷ್ಟದ್ದನ್ನೇ ಇಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವತ್ತೇ ಬೆಳಿಗ್ಗೆ ಆಸ್ಟ್ರೇಲಿಯದ ಹಳೆಯ ವಿಕೆಟ್ ಕೀಪರ್ ರಾಡ್ ಮಾರ್ಷ್ ತೀರಿಕೊಂಡಿದ್ದರು. ವಾರ್ನ್ ಟ್ವಿಟರ್‌ನಲ್ಲಿ ಬರೆದ ಕೊನೆಯ ಸಂದೇಶ ಮಾರ್ಷ್‌ಗೆ ಸಂತಾಪ.

ವಾರ್ನ್ ಅಂಗಿಯ ನಂಬರ್ 23. ಆ ಜೂನ್‌ನಲ್ಲಿ ಲಾರ್ಡ್ಸ್ ಟೆಸ್ಟಿನ ಮೊದಲ ದಿನ 23 ಓವರ್ ಮುಗಿದ ಮೇಲೆ ಆಟ ನಿಲ್ಲಿಸಿ 23 ಸೆಕೆಂಡು ಚಪ್ಪಾಳೆ ತಟ್ಟಿದರು. ಆಸ್ಟ್ರೇಲಿಯದ 350ನೇ ಟೆಸ್ಟ್ ಆಟಗಾರ ಅವನು. ಡಿಸೆಂಬರ್‌ನ ಮೆಲ್ಬರ್ನ್ ಟೆಸ್ಟಿನಲ್ಲಿ ಮಧ್ಯಾಹ್ನ 3 ಗಂಟೆ 50 ನಿಮಿಷಕ್ಕೆ ಮತ್ತೆ ಚಪ್ಪಾಳೆ. ಮೈದಾನದ ದೊಡ್ಡ ಸ್ಟ್ಯಾಂಡ್‌ಗೂ ಅವನದೇ ಹೆಸರು. ಬೌಲರ್‌ನನ್ನು ನೆನೆಯುವುದು ಹೇಗೆಂದು ಕಲಿಯಬೇಕಾದರೆ ಆಸ್ಟ್ರೇಲಿಯದವರ ಹತ್ತಿರ ಹೋಗಬೇಕು. ಮಹಾ ಬ್ಯಾಟ್ಸ್‌ಮನ್ ಬ್ರಾಡ್ಮನ್ ನಾಡಿನವರು ಎಂಬುದು ಇದರಲ್ಲಿನ ತಮಾಷೆ.

ಅಮೆರಿಕದ ಪಿಚರ್ ಟಾಮ್ ಸೀವರ್ ಎಸೆಯುವಾಗ ಎಷ್ಟು ಕೆಳಗೆ ಬಾಗುತ್ತಿದ್ದನೆಂದರೆ ಬಲಮೊಣಕಾಲಿಗೆ ಪ್ರತಿ ಸಲ ಮಣ್ಣು ಹತ್ತುತ್ತಿತ್ತು. 2020ರ ಆಗಸ್ಟ್ 31ರಂದು ಅವನು ತೀರಿಕೊಂಡ. ಅವನ ಹಳೆಯ ತಂಡವಾದ ನ್ಯೂಯಾರ್ಕ್ ಮೆಟ್ಸ್‌ನ ಆಟಗಾರರು ಆಟಕ್ಕೆ ಇಳಿಯುವ ಮೊದಲು ತಮ್ಮ ಬಲಮೊಣಕಾಲಿಗೆ ಮಣ್ಣು ಬಳಿದುಕೊಂಡು ನಿಂತರು. ನಾನು ಓದಿದ ಶ್ರದ್ಧಾಂಜಲಿಗಳಲ್ಲೆಲ್ಲ ಇದಕ್ಕೇ ಮೊದಲ ಅಂಕ. ಖರ್ಚಿಲ್ಲ, ಭಾಷಣವಿಲ್ಲ.

ಇನ್ನೊಬ್ಬ ಪಿಚರ್ ಬಾಬ್ ಗಿಬ್ಸನ್ 1968ರಲ್ಲಿ ಬ್ಯಾಟರ್‌ಗಳನ್ನು ಎಷ್ಟು ಗೋಳುಹೊಯ್ದುಕೊಂಡನೆಂದರೆ, ಆ ವರ್ಷದ ಪಿಚರ್‌ಗಳ ಅಬ್ಬರ ಕಂಡು ಮರುವರ್ಷ ದಿಬ್ಬದ ಎತ್ತರವನ್ನೇ 15 ಇಂಚಿನಿಂದ 10ಕ್ಕೆ ಇಳಿಸಿದರು. 1968ರ ಅಕ್ಟೋಬರ್ 2ರಂದು ಒಂದೇ ಪಂದ್ಯದಲ್ಲಿ 17 ಬಾರಿ ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ್ದ. ಸತ್ತದ್ದೂ ಅಕ್ಟೋಬರ್ 2ರಂದೇ, 2020ರಲ್ಲಿ.

ಮಯಾಮಿಯ ಪಿಚರ್ ಹೊಸೆ ಫರ್ನಾಂಡಿಸ್‌ಗೆ ಬರೀ 24. 2016ರ ಸೆಪ್ಟೆಂಬರ್ 25ರಂದು ದೋಣಿ ಅಪಘಾತದಲ್ಲಿ ಹೋದ. ಮರುದಿನ ಮಯಾಮಿ ತಂಡದ ಎಲ್ಲರ ಬೆನ್ನ ಮೇಲೂ ಅವನ ಹೆಸರು, ಅವನ ನಂಬರ್ 16. ತಂಡದ ಮೊದಲ ಬ್ಯಾಟರ್ ಡೀ ಗಾರ್ಡನ್ ಎಡಗೈ ಆಟಗಾರ. ಗೆಳೆಯನ ಹೆಲ್ಮೆಟ್ ಹಾಕಿಕೊಂಡು ಗೆಳೆಯನಂತೆಯೇ ಬಲಗೈಯವನಾಗಿ ಮೊದಲ ಚೆಂಡಿಗೆ ನಿಂತ. ಆಮೇಲೆ ಎಡಕ್ಕೆ ಬಂದು ಚೆಂಡನ್ನು ಗ್ಯಾಲರಿಗೆ ಎತ್ತಿದ. ಆ ಋತುವಿನಲ್ಲಿ ಅವನಿಂದ ಬಂದ ಮೊದಲ ಹೋಮ್‌ರನ್ ಅದು. ಅಳುತ್ತಲೇ ಸುತ್ತು ಓಡಿ ಮುಗಿಸಿದ. ಆಟ ಮುಗಿದ ಮೇಲೆ ತಂಡದವರು ತಮ್ಮ ಟೋಪಿಗಳನ್ನು ದಿಬ್ಬದ ಮೇಲೆ ಬಿಟ್ಟು ಹೋದರು.

ಮೆಕ್ಸಿಕೊದ ಹಳ್ಳಿಯಿಂದ ಬಂದ ಪಿಚರ್ ಫರ್ನಾಂಡೊ ವೆಲೆನ್ಸ್ವೆಲಾ 1981ರಲ್ಲಿ, ಇಪ್ಪತ್ತರ ಹುಡುಗ, ಶುರುವಿನ ಎಂಟಕ್ಕೆ ಎಂಟೂ ಪಂದ್ಯ ಗೆದ್ದ. ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಕೂಲಿಕಾರರು ಕ್ರೀಡಾಂಗಣಕ್ಕೆ ಬರತೊಡಗಿದ್ದೇ ಅವನಿಂದ ಎನ್ನುತ್ತಾರೆ. 2024ರ ಅಕ್ಟೋಬರ್ 22ರಂದು ಅವನು ಸತ್ತ. ಮೂರೇ ದಿನಕ್ಕೆ ಲಾಸ್ ಏಂಜಲೀಸ್‌ನ ಅವನ ಹಳೆಯ ತಂಡ ವರ್ಲ್ಡ್ ಸೀರೀಸ್ ಎಂಬ ಫೈನಲ್ಲಿಗೆ ಇಳಿಯಿತು, ತೋಳಿನ ಮೇಲೆ ಅವನ ನಂಬರ್ 34. ಗೆದ್ದಿತು. ವಿಜಯದ ಮೆರವಣಿಗೆ ನಡೆದದ್ದು ನವೆಂಬರ್ 1ರಂದು. ಅದು ಅವನ ಹುಟ್ಟಿದ ದಿನ. ನಮಗೆ ಅದು ರಾಜ್ಯೋತ್ಸವ, ಅಲ್ಲಿಯವರಿಗೆ ಫರ್ನಾಂಡೊ.

ಇಂಗ್ಲೆಂಡಿನ ಹೆಡ್ಲಿ ವೆರಿಟಿ 1932ರಲ್ಲಿ 10 ರನ್‌ಗೆ 10 ವಿಕೆಟ್ ಕಿತ್ತವನು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಶತ್ರುಗಳ ಸೆರೆಯಲ್ಲಿ, ಇಟಲಿಯ ಕಸೆರ್ಟಾದಲ್ಲಿ, 1943ರ ಜುಲೈ 31ರಂದು ಪ್ರಾಣ ಬಿಟ್ಟ. 1954ರಲ್ಲಿ ಆಸ್ಟ್ರೇಲಿಯಕ್ಕೆ ಹೊರಟಿದ್ದ ಇಂಗ್ಲೆಂಡ್ ತಂಡದ ಹಡಗು ನೇಪಲ್ಸ್‌ನಲ್ಲಿ ನಿಂತಾಗ ನಾಯಕ ಲೆನ್ ಹಟನ್ ಮತ್ತು ಯಾರ್ಕ್‌ಷೈರ್‌ನ ಸಂಗಾತಿಗಳು ಗೋರಿ ಹುಡುಕಿಕೊಂಡು ಹೋದರು. ತಮ್ಮ ಕೌಂಟಿಯ ಟೈಯೊಂದನ್ನು ಅಲ್ಲಿ ಕಟ್ಟಿ ಬಂದರು.

ಭಾರತದ ಟೆಸ್ಟ್ ಚರಿತ್ರೆಯ ಮೊದಲ ವಿಕೆಟ್ ಯಾರದು? 1932ರ ಜೂನ್ 25, ಲಾರ್ಡ್ಸ್, ಮೊಹಮ್ಮದ್ ನಿಸ್ಸಾರ್. ಔಟಾದವನು ಹರ್ಬರ್ಟ್ ಸಟ್‌ಕ್ಲಿಫ್, ಹಿಂದೆಯೇ ಪರ್ಸಿ ಹೋಮ್ಸ್. ಹತ್ತು ದಿನದ ಹಿಂದೆ ಇದೇ ಜೋಡಿ ಮೊದಲ ವಿಕೆಟ್‌ಗೆ 555 ರನ್ ಪೇರಿಸಿತ್ತು! ಗುಲಾಂ ಅಹ್ಮದ್ ಹಾಕಿದ ಚೆಂಡುಗಳೂ 555, ಕಾಕತಾಳೀಯ. ನಿಸ್ಸಾರ್ 1963ರಲ್ಲಿ ಲಾಹೋರ್‌ನಲ್ಲಿ ತೀರಿಕೊಂಡರು. ಭಾರತ, ಪಾಕಿಸ್ತಾನಗಳ ದೇಶಿ ಚಾಂಪಿಯನ್ನರ ನಡುವೆ ಅವರ ಹೆಸರಿನ ಟ್ರೋಫಿ 2006ರಲ್ಲಿ ಶುರುವಾಯಿತು, 2008ಕ್ಕೆ ನಿಂತಿತು. ಅಂತೂ ಬೌಲರ್ ಹೆಸರಿನ ಒಂದು ಟ್ರೋಫಿ ಬಂದಿತ್ತು, ಅದಕ್ಕೂ ಗಡಿ ಅಡ್ಡ ಬಂತು.

ಪೂರಾ ಬೌಲರ್‌ಗಳದ್ದೇ ಹೆಸರಿರುವ ಟೆಸ್ಟ್ ಟ್ರೋಫಿ ಬೇಕಾದರೆ ಆಸ್ಟ್ರೇಲಿಯ, ಶ್ರೀಲಂಕಾ ಕಡೆ ನೋಡಿ: ವಾರ್ನ್-ಮುರಳೀಧರನ್ ಟ್ರೋಫಿ. ನಮ್ಮ ಪಾಲಿಗೆ 2025ರಲ್ಲಿ ಅರ್ಧ ಸಿಕ್ಕಿದೆ. ಇಂಗ್ಲೆಂಡಿನಲ್ಲಿ ನಡೆಯುವ ಭಾರತ ಸರಣಿಯ ಪಟೌಡಿ ಟ್ರೋಫಿ ಹೋಗಿ ಆ್ಯಂಡರ್ಸನ್-ತೆಂಡೂಲ್ಕರ್ ಟ್ರೋಫಿ ಬಂತು, ಒಬ್ಬ ಬೌಲರ್, ಒಬ್ಬ ಬ್ಯಾಟರ್. ಮೊದಲ ಸರಣಿ 2-2ರಲ್ಲಿ ಮುಗಿಯಿತು, ಟ್ರೋಫಿಯನ್ನೂ ಹಂಚಿಕೊಂಡರು.